ನಲವತ್ತೈದು ನಿಮಿಷದ ದಾರಿ

ಮುನಿವೆಂಕಟಮ್ಮ ನೀರು ಮುಟ್ಟದೆ ಒಂದು ದಿನವಾಗಿತ್ತು. ಗಂಡನ ಮನೆಯಿಂದ ಬಂದಿದ್ದ ಮಗಳು ಪವಿತ್ರ ಚಮಚ ಹಿಡಿದು ಹತ್ತಿರ ಹೋದರೆ ಸಾಕು, ತುಟಿ ಬಿಗಿದುಕೊಳ್ಳುತ್ತಿದ್ದಳು.

"ಕಾಂತ ಬರ್ಲಿ. ಅವ್ನ ಕೈಲೇ ಕುಡೀತೀನಿ."

ಕೊನೆಯ ನೀರು ಮಗನ ಕೈಯಿಂದಲೇ ಬೀಳಬೇಕೆಂಬುದು ಆ ಮನೆತನದಲ್ಲಿ ನಡೆದುಬಂದದ್ದು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಮುದುಕಿ ಹಿಡಿದ ಹಟ ಅದೊಂದೇ.

ಮಗ ಕಾಂತರಾಜು ದೇಶದ ಈಶಾನ್ಯ ತುದಿಯಲ್ಲಿ, ಸೇತುವೆ ಕೆಲಸದಲ್ಲಿ ವೆಲ್ಡರ್. ಆ ಗುಡ್ಡದ ಊರಿನಿಂದ ದಿನಕ್ಕೊಂದೇ ಜೀಪು, ಬೆಳಗ್ಗೆ ಆರಕ್ಕೆ. ಒಂಬತ್ತು ಗಂಟೆ ಕುಲುಕಾಡಿಸಿ ಕೆಳಗಿನ ಊರಿಗೆ ಬಿಟ್ಟರೆ ಅಲ್ಲಿಂದ ಬೆಂಗಳೂರಿನ ಕಡೆಗೆ ಸಂಜೆಯ ವಿಮಾನ. ನಿನ್ನೆ ಅವನು ಜೀಪಿನ ಪಕ್ಕದಲ್ಲಿ ನಿಂತೇ ಫೋನ್ ಮಾಡಿದ್ದ. ತಡೆದವಳು ಪವಿತ್ರ. ಮೊಬೈಲಿನಲ್ಲಿ ಹುಡುಕಿದ್ದಳು. ಗುಡ್ಡದ ಊರು, ಕೆಳಗಿನ ಊರು ಎರಡರಲ್ಲೂ ವಿಮಾನ ನಿಲ್ದಾಣವಿದೆ, ನಡುವೆ ನೂರ ಎಂಬತ್ತು ಕಿಲೋಮೀಟರ್, ಹಾರಾಟದ ಸಮಯ ನಲವತ್ತೈದು ನಿಮಿಷ.

"ಜೀಪ್ ಯಾಕಣ್ಣ? ಅಲ್ಲೇ ವಿಮಾನ ಹತ್ತು. ಮುಕ್ಕಾಲು ಗಂಟೆ ಅಷ್ಟೇ."

ಅವನೂ ನಂಬಿದ. ಇಬ್ಬರೂ ದೇವನಹಳ್ಳಿ ಪಕ್ಕದಲ್ಲಿ ಹುಟ್ಟಿ ಬೆಳೆದವರು. ಮನೆಯ ಮೇಲೆ ಎರಡು ಮೂರು ನಿಮಿಷಕ್ಕೊಂದು ವಿಮಾನ ಹೋಗುತ್ತದೆ. ಇಲ್ಲಿ ಬಸ್ಸಿಗಾದರೂ ಕಾಯಬೇಕು. ನಿಲ್ದಾಣವಿದ್ದೂ ವಿಮಾನವಿಲ್ಲದ ಊರು ಇರಬಹುದೆಂಬ ಯೋಚನೆ ಇಲ್ಲಿ ಯಾರ ತಲೆಗೂ ಬರುವುದಿಲ್ಲ.

ಅಲ್ಲಿ ಹೋಗಿ ನೋಡಿದರೆ ಗೇಟಿಗೆ ಬೀಗ, ಒಳಗೆ ದನ. ವಿಮಾನ ಬಂದು ಎರಡು ವರ್ಷವಾಯಿತೆಂದು ಕಾವಲುಗಾರ ನಕ್ಕನಂತೆ. ಅಷ್ಟರಲ್ಲಿ ಜೀಪು ಹೋಗಿಯಾಗಿತ್ತು. ಆ ಸುಡುಗಾಡು ಮೊಬೈಲಿಗೆ ದೂರ ಗೊತ್ತು, ವಿಮಾನ ಇಲ್ಲವೆಂಬುದೊಂದು ಗೊತ್ತಿಲ್ಲ. ಕಾಂತರಾಜು ಇವತ್ತಿನ ಜೀಪಿನಲ್ಲಿ ಕೂತಿದ್ದಾನೆ. ಬಂದು ಸೇರುವುದು ನಾಳೆ ಬೆಳಗ್ಗೆ.

ವಿಮಾನದಲ್ಲಿ ಬರ್ತಾವ್ನೆ ಎಂದು ಪವಿತ್ರ ಅಮ್ಮನಿಗೆ ನಿನ್ನೆಯೇ ಹೇಳಿಬಿಟ್ಟಿದ್ದಳಲ್ಲ, ಈಗ ಮೇಲೆ ಸದ್ದಾದಾಗಲೆಲ್ಲ ಮುದುಕಿ ಕಣ್ಣು ಬಿಡುತ್ತಾಳೆ.

"ಇದ್ರಲ್ಲಿ ಬಂದ್ನಾ?"

"ಮುಂದಿನದ್ರಲ್ಲಿ ಬರ್ತಾನಮ್ಮ."

ಹೀಗೆ ಎಷ್ಟು ಸಲ ಹೇಳಿದಳೋ. ಪ್ರತಿ ಸಲವೂ ಪವಿತ್ರಳಿಗೆ ತನ್ನ ನಾಲಿಗೆ ಕಿತ್ತುಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಮಧ್ಯಾಹ್ನ ದೊಡ್ಡಪ್ಪ ದೊಡ್ಡಮುನಿಯಪ್ಪ ಬಂದು ನಾಡಿ ಹಿಡಿದು ನೋಡಿದರು.

"ಸಂಜೆ ದಾಟಲ್ಲ ಕಣಮ್ಮ. ಬಾಯೆಲ್ಲ ಒಣಗೋಗದೆ. ಹಿಂಗೇ ಬಿಟ್ರೆ ಬಾಯಾರ್ಕೊಂಡೇ ಹೋಗ್ತಾಳೆ."

"ನಾನೇ ತಪ್ಪಿಸ್ಬಿಟ್ಟೆ ದೊಡ್ಡಪ್ಪ. ನಿನ್ನೆ ಜೀಪ್ ಹತ್ತಿದ್ರೆ ಇಷ್ಟೊತ್ಗೆ ಇಲ್ಲಿರ್ತಿದ್ದ."

ದೊಡ್ಡಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಪವಿತ್ರ ಬಚ್ಚಲಿಗೆ ಹೋಗಿ, ಕೈಗೆ ಸೋಪು ಹಚ್ಚಿ, ಗಾಜಿನ ಬಳೆಗಳನ್ನೆಲ್ಲ ಒಂದೊಂದಾಗಿ ಕಳಚಿದಳು. ಬಳೆ ಸದ್ದಾದರೆ ಅಮ್ಮ ಕಂಡುಹಿಡಿಯುತ್ತಾಳೆ. ಗಂಡ ಗಟ್ಟಿಮುಟ್ಟಾಗಿರುವಾಗ ಬರಿಗೈ ಮಾಡಿಕೊಳ್ಳುವುದು ಅಪಶಕುನ, ಆದರೂ ಕಳಚಿದಳು. ಒಂದು ವಿಮಾನ ತಗ್ಗಿ ಬಂದು ಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದು, ಅಣ್ಣನ ಹಾಗೆ ದಪದಪ ಹೆಜ್ಜೆ ಹಾಕಿ ಒಳಗೆ ಬಂದಳು. ಮಾತಾಡದೆ ಚಮಚವನ್ನು ತುಟಿಗಿಟ್ಟಳು.

ಮುನಿವೆಂಕಟಮ್ಮ ಕಣ್ಣು ಬಿಡಲಿಲ್ಲ, ಬಾಯಿ ಬಿಟ್ಟಳು. ಒಂದು ಚಮಚ ಇಳಿಯಿತು. ಇನ್ನೊಂದು. ಮೂರನೆಯದಕ್ಕೆ ಪವಿತ್ರಳ ಕಣ್ಣೀರೂ ಬೆರೆಯಿತು. ಮೇಲೆ ಮತ್ತೊಂದು ವಿಮಾನ ಹೋಯಿತು. ಮುದುಕಿ ಏನೂ ಕೇಳಲಿಲ್ಲ. ತಡವರಿಸಿ ಮಗಳ ಕೈ ಹುಡುಕಿ, ಬರಿದಾದ ಮಣಿಕಟ್ಟನ್ನು ಹಿಡಿದುಕೊಂಡಳು.

"ಬಳೆ ಹಾಕ್ಕೊಳೇ ಪವಿತ್ರ. ಮುತ್ತೈದೆ ಹಿಂಗಿರ್ಬಾರ್ದು." ಸ್ವಲ್ಪ ಹೊತ್ತು ಉಸಿರಿಗಾಗಿ ಕಾದಳು. "ಅವ್ನು ಬಂದ್ಮೇಲೆ ಹೇಳು. ನಿನ್ ಕೈ ಅಂದ್ಕೊಂಡೇ ಕುಡುದ್ಲು ಕಣಣ್ಣ ಅನ್ನು."