ಬಸುರಿ ಹಂದಿಗೆ ಹಗ್ಗ

"ಇನ್ನೂ ಒಂದಿತ್ತಲ್ಲಮ್ಮ? ಕರೀದು, ದೊಡ್ಡದು?" ಗುಂಡಿಯ ಅಂಚಿನಲ್ಲಿ ನಿಂತಿದ್ದ ಸರ್ಕಾರದ ಮನುಷ್ಯ ಕೇಳಿದ.

"ಅದಾ? ಹೋದ ತಿಂಗಳೇ ಮಾರಿಬಿಟ್ಟೆ ಸ್ವಾಮಿ," ಎಂದಳು ಎಗ್ಜಿಲಿಯಾ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಗುಂಡಿಯಲ್ಲಿ ಊರಿನ ಹಂದಿಗಳೆಲ್ಲ ಸುಣ್ಣ ಹೊದ್ದು ಮಲಗಿದ್ದವು. ಹಂದಿಜ್ವರ ಬಂದಿದೆ, ಹೈಟಿಯಲ್ಲಿ ಒಂದು ಹಂದಿಯೂ ಉಳಿಯಬಾರದು ಎಂದು ರಾಜಧಾನಿಯಲ್ಲಿ ತೀರ್ಮಾನವಾಗಿತ್ತು. ಜ್ವರ ಬಂದದ್ದೂ ಬಾರದ್ದೂ ಅಲ್ಲಿಯವರಿಗೆ ಒಂದೇ. ಅವರ ಮಕ್ಕಳ ಫೀಸೇನು ಹಂದಿಯ ಹೊಟ್ಟೆಯಿಂದ ಬರುತ್ತಿತ್ತೇ? ಈ ಬೆಟ್ಟದ ಮೇಲೆ ಮದುವೆ, ಸಾವು, ಶಾಲೆ ಯಾವುದು ಬಂದರೂ ಒಂದು ಹಂದಿಯನ್ನು ಸಂತೆಗೆ ಹೊಡೆದುಕೊಂಡು ಹೋಗುವುದೇ ದಾರಿ. ಎಗ್ಜಿಲಿಯಾಳ ಮಗಳು ಮಿರ್ಲಾಂದ್ ಕೆಳಗಿನ ಪೇಟೆಯಲ್ಲಿ ಓದುತ್ತಿದ್ದಳು, ಅದು ಕೊನೆಯ ವರ್ಷ. ಕರಿ ಹಂದಿ ಈಯಬೇಕು, ಮರಿ ಮಾರಬೇಕು, ಹುಡುಗಿ ಪರೀಕ್ಷೆಗೆ ಕೂರಬೇಕು.

"ಬೇರೆ ದೇಶದ ಬಿಳಿ ಹಂದಿ ಕೊಡ್ತೀವಿ, ಅಳಬೇಡಿ," ಎಂದ ಸರ್ಕಾರದವನು.

"ಅದಕ್ಕೆ ಸಿಮೆಂಟಿನ ನೆಲ ಬೇಕಂತೆ, ಮೇಲೆ ತಗಡು ಬೇಕಂತೆ," ಎಂದಳು ಪಕ್ಕದ ಮನೆಯ ನೆರ್ವಾ. "ಹಂದಿ ಮನೇಲಿ ನಾವೇ ಬಾಡಿಗೆಗೆ ಇದ್ದುಬಿಡೋಣ ಕಣಕ್ಕ!"

ಯಾರೂ ನಗಲಿಲ್ಲ.

ಕರಿ ಹಂದಿ ಗುಡ್ಡದಾಚೆ ಎಗ್ಜಿಲಿಯಾಳ ತಮ್ಮ ಕ್ಲೆರ್ವಿಲ್‌ನ ತೋಟದಲ್ಲಿತ್ತು. ಬೆಳಗಿನ ಜಾವ ಅವನು ಅದನ್ನು ಹೊಡೆದುಕೊಂಡು ಹೋಗುವಾಗ, "ಅಲ್ಲಿ ಕಟ್ಟಿಹಾಕಲಾ ಅಕ್ಕ?" ಎಂದು ಕೇಳಿದ್ದ.

"ಬಸುರಿಗೆ ಹಗ್ಗ ಹಾಕ್ತಾರೇನೋ ಪೆದ್ದ? ಒಳಗೆ ಮರಿಗಳ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತೆ. ಬೇಲಿಯೊಳಗೆ ಬಿಡು, ಸಾಕು."

ಅವಳ ತಾಯಿ ಹೇಳಿದ್ದೂ ಅದನ್ನೇ. ಈ ಕಡೆ ಬಸುರಿ ಹಂದಿಗೆ ಯಾರೂ ಹಗ್ಗ ಹಾಕಿದವರಲ್ಲ.

ಹೊತ್ತು ಮುಳುಗುತ್ತಿತ್ತು. ಸರ್ಕಾರದವರು ಗುದ್ದಲಿ, ದೊಣ್ಣೆಗಳನ್ನು ಲಾರಿಗೆ ಹಾಕುತ್ತಿದ್ದರು. ದಿನವಿಡೀ ಮೇದ ಹಂದಿಗಳು ಮನೆಗೆ ಮರಳುವ ಹೊತ್ತು ಅದು. ಬಾಳೆಗಿಡಗಳ ನಡುವಿನಿಂದ ಕರಿ ಹಂದಿ ಬಂತು. ಮೈಯೆಲ್ಲ ಕೆಸರು, ಬೇಲಿಯ ಮುಳ್ಳು ತರಚಿದ ಗಾಯ. ಹೊಟ್ಟೆ ನೆಲ ಸವರುತ್ತಿತ್ತು.



"ಕಾಡುಹಂದಿ ಇರಬೇಕು ಸ್ವಾಮಿ," ಎಂದು ನೆರ್ವಾ ಗಡಿಬಿಡಿಯಿಂದ ಹೇಳಿದಳು.

"ಯಾರದು ಹೇಳಿಬಿಡಿ. ಮುಚ್ಚಿಟ್ಟವರಿಗೆ ಪರಿಹಾರ ಇಲ್ಲ, ಜೈಲು," ಎಂದ ಸರ್ಕಾರದವನು.

ಊರಿಗೆ ಊರೇ ನೆಲ ನೋಡುತ್ತಾ ನಿಂತಿತು. ಅವನು ಎಗ್ಜಿಲಿಯಾಳ ಮುಖ ನೋಡಿದ.

"ನಂದಲ್ಲ," ಎಂದಳು. ಹೋಗು, ಹಾಳಾದ್ದೇ, ಎಲ್ಲಿಯಾದರೂ ಹೋಗಿ ಬದುಕಿಕೋ ಎಂದು ಒಳಗೊಳಗೇ ಗೋಗರೆದಳು.

ಹಂದಿ ಜನರ ಕಾಲುಗಳ ನಡುವೆ ನುಸುಳಿ ಬಂದು ಅವಳ ಪಾದದ ಮೇಲೆ ಮೂತಿ ಇಟ್ಟಿತು. ಮಗ್ಗುಲಾಗಿ ಉರುಳಿ ಹೊಟ್ಟೆ ಒಡ್ಡಿತು, ಕಣ್ಣು ಮುಚ್ಚಿತು.

ದೊಣ್ಣೆಯವನು ಹತ್ತಿರ ಬಂದ. "ಪಕ್ಕಕ್ಕೆ ಬಾರಮ್ಮ."

ಎಗ್ಜಿಲಿಯಾ ಮಣ್ಣಿನಲ್ಲಿ ಕುಳಿತು ಅದರ ಹೊಟ್ಟೆ ಕೆರೆಯತೊಡಗಿದಳು.

"ಸ್ವಲ್ಪ ತಡಿಯಪ್ಪ," ಎಂದಳು, "ನಡೆದು ನಡೆದು ಸುಸ್ತಾಗಿದೆ."

ಅವಳ ಅಂಗೈ ಕೆಳಗೆ ಮರಿಯೊಂದು ಹೊರಳಿತು.