ನಮ್ಮವರೇ ಡಾಕ್ಟರು

ಮತ್ತೆ ನೆಕ್ಕಿದ, ಎದುರು ಬೆಂಚಿನ ಮುದುಕ, ತೋರುಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಹಳೇ ವಾರಪತ್ರಿಕೆಯ ಹಾಳೆ ತಿರುವಿದ, ಇವನಿಗಿಂತ ಮೊದಲು ಇನ್ನು ಯಾರು ಯಾರು ನೆಕ್ಕಿ ತಿರುವಿದ್ದಾರೋ, ಎಲ್ಲರ ಎಂಜಲೂ ಅಂಟಿ ಹಾಳೆಯ ಮೂಲೆ ಕಪ್ಪಗಾಗಿದೆ, ನೋಡಬಾರದು ಅಂದುಕೊಂಡಷ್ಟೂ ವೇದಾಳ ಕಣ್ಣು ಅಲ್ಲಿಗೇ ಹೋಗುತ್ತದೆ — ಬೆರಳು, ನಾಲಿಗೆ, ಹಾಳೆ. ಸಿದ್ದಾಪುರದ ಈ ದವಾಖಾನೆಯಲ್ಲಿ ಫಿನಾಯಿಲ್ ವಾಸನೆ, ರಸ್ತೆಯಾಚೆಯಿಂದ ಮಿರ್ಚಿ ಕರಿದ ಎಣ್ಣೆಯ ವಾಸನೆ, ಎರಡೂ ಸೇರಿ ಗಂಟಲಿಗೆ ಬಂದು ಕೂತಿದೆ, ಶಿರಸಿಯಿಂದ ಬಸ್ಸಿನಲ್ಲಿ ಬರುವಾಗಲೂ ಹೀಗೇ ಇತ್ತು, ಮುಂದಿನ ಸೀಟಿನವಳು ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿ, ಸೆರಗಲ್ಲಿ ಬಾಯಿ ಒರೆಸಿ, ತಿರುಗಿ ನೋಡಿ ನಕ್ಕು, ನಿಂಗ ಯಾರ ಮನೆ ಕೂಸಾತು ಅಂತ ಕೇಳಿದ್ದಳು. ಆ ಬಾಯಲ್ಲಿ ಆ ಪ್ರಶ್ನೆ. ಯಾರ ಮನೆ, ಯಾವ ಊರು, ಅಪ್ಪನ ಹೆಸರೆಂತ, ಅಬ್ಬಾ, ಹೇಸಿಗೆ ಹುಟ್ಟಿಹೋಗಿದೆ ಅವಳಿಗೆ. ಪಕ್ಕದಲ್ಲಿ ಕಮಲಾಕರ, ಅವಳ ಗಂಡ, ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಗೊತ್ತು ಅವಳಿಗೆ ಈ ಸದ್ದು, ಇನ್ನೊಂದು ಗಳಿಗೆಯಲ್ಲಿ ಆ ಮುದುಕನನ್ನು ಮಾತಿಗೆ ಎಳೆಯುತ್ತಾನೆ, ಬ್ಲೌಸಿನೊಳಗೆ ಎಡಗಡೆಯ ಗಂಟು ತನ್ನಷ್ಟಕ್ಕೆ ತಾನು ಕೂತಿದೆ, ನೋವಿಲ್ಲ, ನೋವಾದರೂ ಆಗಬಾರದೇ ಅದಕ್ಕೆ, ಕೂಗಿಕೊಳ್ಳಬಹುದಿತ್ತು.

ಮಸ್ಕತ್ತಿನಲ್ಲಿ ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಕಮಲಾಕರ ಅಲ್ಲಿ ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ, ಮದುವೆಯಾಗಿ ಯಲ್ಲಾಪುರದಿಂದ ನೇರ ಆ ಬಿಸಿಲಿಗೆ ಹೋಗಿ ಬಿದ್ದವಳು ಅವಳು, ಅವನೊಬ್ಬನನ್ನು ಬಿಟ್ಟರೆ ಕನ್ನಡದಲ್ಲಿ ಒಂದು ಮಾತು ಆಡುವವರಿಲ್ಲ, ಅವನಿಗೇ ಹೇಳಿದಳು, ಹೇಳಿದ್ದೇನು, ಅವನ ಕೈ ಹಿಡಿದು ಮುಟ್ಟಿಸಿ ತೋರಿಸಿದಳು, ಮುಖ ಸಪ್ಪಗಾಯಿತು ಅವನದ್ದು, ಹೆದರಿದ್ದ, ಅದು ಸುಳ್ಳಲ್ಲ. ಕಂಪನಿಯ ಆಸ್ಪತ್ರೆ ಎರಡು ಬೀದಿ ಆಚೆಗಿತ್ತು, ಅಲ್ಲೊಬ್ಬಳು ಈಜಿಪ್ಟಿನ ಡಾಕ್ಟರು, ದಪ್ಪ ಹುಬ್ಬಿನ ಹೆಂಗಸು, ನಾಳೆಯೇ ಹೋಗಬಹುದಿತ್ತು, ಆದರೆ ಅವನು ಬಿಡಲಿಲ್ಲ, ಆ ಈಜಿಪ್ಟಿನದಕ್ಕೆ ನಮ್ಮ ಮಾತು ಬತ್ತಿಲ್ಲೆ ಮಾರಾಯ್ತಿ, ಗುರುತು ಪರಿಚಯ ಇಲ್ಲದ್ದವರ ಹತ್ರ ಇಂಥದ್ದೆಲ್ಲ ತೋರ್ಸದು ಅಂದ್ರೆ, ನಮ್ಮವರೇ ಒಬ್ಬ ಡಾಕ್ಟರು ಇದ್ದ ಹೇಳಿ ಕೇಳಿದ್ದೆ, ಹುಡುಕನ, ತಡಿ. ತಡೆದಳು. ಹುಡುಕಿದ ಅವನು, ಪ್ರತಿ ಶುಕ್ರವಾರ ರಜೆಯ ದಿನ ದೇವಸ್ಥಾನದ ಬಾಗಿಲಲ್ಲಿ ನಿಂತು, ಕುಮಟೆಯವರನ್ನು ಕೇಳಿ, ಹೊನ್ನಾವರದವರನ್ನು ಕೇಳಿ, ಉಡುಪಿಯವರನ್ನೂ ಕೇಳಿ, ಮನೆಗೆ ಬಂದು ಖುಷಿಯಲ್ಲಿ ಸುದ್ದಿ ಹೇಳುವ, ಹತ್ರ ಹತ್ರ ಬಂಜು, ಇನ್ನೊಬ್ರನ್ನ ಕೇಳಿರೆ ಸಿಕ್ಕೇ ಸಿಕ್ತು, ಅಂತ, ಗಂಡಿಗೆ ಹೆಣ್ಣು ಹುಡುಕುವ ಉಮೇದಿನಲ್ಲಿ. ಬಿಸಿಲು ಇಳಿದು ಚಳಿ ಬಂತು, ಚಳಿ ಹೋಗಿ ಮತ್ತೆ ಬಿಸಿಲು ಬಂತು, ಗಂಟು ಇದ್ದಲ್ಲೇ ಇತ್ತು, ಇದ್ದಷ್ಟೇ ಇರಲಿಲ್ಲ. ಕೊನೆಗೂ ಮಸ್ಕತ್ತಿನಲ್ಲೇ ಸಿಕ್ಕಿದರಲ್ಲ, ಮಾದೇವ ಡಾಕ್ಟರು, ಹೆಗಡೆಕಟ್ಟಾ ಕಡೆಯವರು, ಫೋನಿನಲ್ಲೇ ನೆಂಟಸ್ತಿಕೆ ಬಿಚ್ಚಿಕೊಂಡಿತು, ಕಮಲಾಕರನ ಆಯಿಯ ದೊಡ್ಡಮ್ಮನ ಮೊಮ್ಮಗ, ಅಯ್ಯೋ ತಮಾ, ನೀ ನಮ್ಮ ಪೈಕಿಯೇ ಆದ್ಯಲ, ಆಸ್ಪತ್ರೆಗೆ ಎಂತಕ್ಕೆ ಬತ್ತೆ, ಮನೆಗೇ ಬಾ, ಊಟಕ್ಕೆ ಬಾ. ಫೋನಿಟ್ಟು ಕಮಲಾಕರ ಕುಣಿದಾಡಿಬಿಟ್ಟ, ನೋಡ್ದ್ಯ, ಯನ್ನ ಅಣ್ಣ ಆಗಕ್ಕು, ನಿಂಗೆ ಭಾವ. ಭಾವ! ಭಾವನ ಎದುರು ಸೆರಗು ಸರಿಸುವುದು ಹೇಗೆ, ಹುಡುಕಿ ಹುಡುಕಿ ಈ ಪುಣ್ಯಾತ್ಮ ಒಬ್ಬ ಡಾಕ್ಟರನ್ನು ತಂದು ಭಾವನನ್ನಾಗಿ ಮಾಡಿ ಕೂರಿಸಿದನಲ್ಲ.

ಉಪ್ಪಿನಕಾಯಿ ಬಾಟಲಿ ಹಿಡಿದು ಹೋದರು. ಎಸಿ ಹಾಕಿದ ಮನೆ, ಸೋಫಾ, ಗೋಡೆಯ ಮೇಲೆ ಸ್ವರ್ಣವಲ್ಲಿ ಮಠದ ಪಂಚಾಂಗ, ಇಲ್ಲಿ ಹೇಗೋ ಅಲ್ಲೂ ಹಾಗೇ, ಗಂಡಸರು ಮೊದಲು ಕೂತರು, ಹೆಂಗಸರು ಬಡಿಸಬೇಕು, ಡಾಕ್ಟರ ಹೆಂಡತಿಯ ಜೊತೆ ರೋಗಿಯೂ ಸೌಟು ಹಿಡಿದು ನಿಂತಳು. ಉಂಡರು, ಸುರಿದು ಸುರಿದು ಉಂಡರು, ಮಾವಿನಕಾಯಿಯ ಅಪ್ಪೆಹುಳಿಯನ್ನು ಕೈಯಲ್ಲಿ ಹಿಡಿದು ಸೊರಸೊರ ಕುಡಿದರು, ಉಂಡಾದ ಮೇಲೆ ಏಳದೆ ಕೈ ಒಣಗಿಸಿಕೊಂಡು ಊರಿನ ಸುದ್ದಿ, ಯಾರ ಮನೆ ಪಾಲಾಯಿತು, ಯಾರ ಮಗಳು ಯಾರ ಜೊತೆ ಹೋದಳು, ಆ ನಡುವೆ ಕಮಲಾಕರ ಗಂಟಲು ಸರಿಮಾಡಿಕೊಂಡು, ವೇದಾಳ ಕಡೆ ಕೈ ಮಾಡಿ, ಅಣ್ಣ, ಅದಕ್ಕೆ ಸ್ವಲ್ಪ ಹುಷಾರಿಲ್ಲೆ ಅಂದ, ಎಂತ ಆಜು ಅಂದರು ಭಾವ, ಅವನು ಅವಳ ಕಡೆ ನೋಡಿದ, ಭಾವನ ಕಡೆ ನೋಡಿದ, ತಟ್ಟೆ ನೋಡಿದ — ಹೊಟ್ಟೆ, ಅಂದ. ಹೊಟ್ಟೆ ಸರಿ ಇರ್ತಿಲ್ಲೆ ಅದಕ್ಕೆ. ಎಲ್ಲಿ ಕೂಸೇ, ಕೈ ಕೊಡು ನೋಡನ, ಇನ್ನೊಂದು ಸಲ ಮಜ್ಜಿಗೆ ಬಡಿಸಲು ಬಾಗಿದ್ದವಳ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದರು, ಬಲಗೈ ತಟ್ಟೆಯ ಮೇಲೆ ನೇತಾಡುತ್ತಿತ್ತು, ಮೊಸರು ಒಣಗಿ ಬಿಳಿಯಾಗಿ ಬಿರುಕು ಬಿಟ್ಟ ಕೈ, ಆ ತೋರುಬೆರಳಿಗೆ ಒಣಗಿ ಹಿಡಿದುಕೊಂಡ ಒಂದು ಅಗುಳು. ಗ್ಯಾಸು, ಅಂದರು ಭಾವ, ಮತ್ತೆಂತದೂ ಅಲ್ಲ, ಬಿಸಿಲಿಗೆ ಎಲ್ಲರಿಗೂ ಆಗ್ತು, ಮಾತ್ರೆ ಕೊಡ್ತೆ. ಅವಳು ನಕ್ಕಳು. ಹಾಳಾದ ನಗು, ಮಜ್ಜಿಗೆ ಬೇಕಾ ಭಾವ ಅಂತ ಕೇಳಿದಳು, ಅದನ್ನು ನೆನೆದರೆ ಇವತ್ತಿಗೂ ತನ್ನ ಬಾಯಿಯನ್ನು ತಾನೇ ತಿಕ್ಕಿ ತೊಳೆಯಬೇಕು ಅನಿಸುತ್ತದೆ. ದಾರಿಯಲ್ಲಿ ಕಮಲಾಕರ, ಅಣ್ಣನ ಹತ್ರ ಅದನ್ನೆಲ್ಲ ಹೆಂಗೆ ಹೇಳದು ಮಾರಾಯ್ತಿ, ನೀನೇ ಹೇಳಲಾಗಿತ್ತು ಅಂದ. ಇನ್ನು ಆ ಈಜಿಪ್ಟಿನವಳ ಹತ್ತಿರ ಹೋಗುವಂತೆಯೂ ಇಲ್ಲ, ಅಣ್ಣಂಗೆ ಗೊತ್ತಾದ್ರೆ ಬೇಜಾರು ಮಾಡ್ಕತ್ತ, ಮನೆ ಡಾಕ್ಟರ್ನ ಬಿಟ್ಟು ಬೇರೆಯವರ ಹತ್ರ ಹೋದ ಹೇಳಿ. ಗ್ಯಾಸಿನ ಮಾತ್ರೆ ನುಂಗಿದಳು, ರಜೆ ಬರುವವರೆಗೂ ನುಂಗಿದಳು.

ಊರಿಗೆ ಬಂದರೆ ಇಲ್ಲಿಯೂ ಅದೇ ರಾಗ, ಶಿರಸಿ ಡಾಕ್ಟರು ಅಪ್ಪಯ್ಯನ ದೋಸ್ತಿ, ಅವರ ಹತ್ರವೇ ಹೋಪನ ಅಂದ, ಮೊದಲ ಸಲ ಅವಳು ಕೂಗಿದ್ದು ಆಗ, ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ನೋಡುವಷ್ಟು, ಬ್ಯಾಡ, ಪರಿಚಯದವು ಬ್ಯಾಡ, ಆನು ಸಿದ್ದಾಪುರಕ್ಕೆ ಹೋಗ್ತೆ. ಅಲ್ಲಿ ಯಾರು ಇದ್ದ ನಮ್ಮವು? ಯಾರೂ ಇಲ್ಲೆ, ಅದಕ್ಕೇಯ. ಒಬ್ಬಳೇ ಬರುವವಳಿದ್ದಳು, ಬೆನ್ನಿಗೇ ಬಂದ, ಬಂದು ಈಗ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಮುದುಕ ನೆಕ್ಕುತ್ತಿದ್ದಾನೆ, ಬೆರಳು, ನಾಲಿಗೆ, ಹಾಳೆ — ಬರ್ರಿ ಒಳಗ, ಅಂದಿತು ಪರದೆಯ ಹಿಂದಿನ ದನಿ, ಹಾವೇರಿ ಕಡೆಯ ದನಿ, ಎದ್ದಳು, ಅವನೂ ಎದ್ದ, ಪರದೆ ಸರಿಸಿ ನಗುತ್ತಾ ಶುರು ಮಾಡಿಯೇಬಿಟ್ಟ, ನಾವು ಯಲ್ಲಾಪುರದ ಹತ್ರದವರು, ನಮ್ಮ ಮನೆ — ಯಾರ ಮನಿಯರ ಇರ್ಲಿ, ನೀವು ಹೊರಗ ಕುಂದರ್ರಿ, ಅವರಷ್ಟ ಬರ್ಲಿ. ಎಷ್ಟು ಸಲೀಸಾಗಿ ಅಂದಳು ಡಾಕ್ಟರಮ್ಮ! ವೇದಾಳಿಗೆ ಕಾಲಿಗೆ ಬೀಳಬೇಕು ಅನ್ನಿಸಿತು. ಏನಾಗೇತ್ರಿ? ಹೇಳಿದಳು, ಹೊಟ್ಟೆ ಅಲ್ಲ, ಎಡಗಡೆ ಮೊಲೆಯಲ್ಲಿ ಗಂಟು, ಅಷ್ಟೇ ಮಾತು, ಒಂದು ಉಸಿರಿನಲ್ಲಿ ಮುಗಿಯಿತು, ನೆಲ ಬಾಯಿ ಬಿಡಲಿಲ್ಲ, ಇಷ್ಟು ಸಣ್ಣ ಮಾತಿಗೆ ಸಮುದ್ರದ ಆಚೆ ಈಚೆ ಎಷ್ಟು ಜನರ ಮನೆ ಹೆಸರು ಕೇಳಿದರು. ನಲ್ಲಿ ಬಿಟ್ಟ ಸದ್ದು, ಡಾಕ್ಟರಮ್ಮ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದಾಳೆ, ಬೆರಳ ಸಂದಿಯನ್ನೂ ಬಿಡದೆ, ತೊಳೆದ ಕೈ ತಣ್ಣಗೆ ಮೈಮೇಲೆ ಬಂದು ಸುತ್ತುತ್ತದೆ, ಅಲ್ಲಿ, ಇಲ್ಲಿ, ಕಂಕುಳಿಗೆ ಹೋಗುತ್ತದೆ, ತಿರುಗಿ ಬರುತ್ತದೆ, ಒಂದು ಕಡೆ ನಿಲ್ಲುತ್ತದೆ, ಒತ್ತುತ್ತದೆ, ಮತ್ತೆ ಅಲ್ಲೇ. ಪರದೆಯ ಆಚೆ ಕಮಲಾಕರನ ದನಿ ಏರಿದೆ, ಓಹೋಹೋ, ಹಂಗಾರೆ ನಿಂಗ ಯಂಗಳ ಪೈಕಿಯೇ ಆದ್ರಲ, ಮುದುಕನೂ ಗಟ್ಟಿಯಾಗಿ ನಗುತ್ತಿದ್ದಾನೆ, ಈ ಕೈ ಯಾಕೆ ಏಳುತ್ತಿಲ್ಲ, ಗ್ಯಾಸು ಅಂದುಬಿಡಲಿ ಇವಳೂ, ದೇವರೇ, ಗ್ಯಾಸು ಅನ್ನಲಿ, ಯಾಕವ್ವಾ, ಅಂದಳು ಡಾಕ್ಟರಮ್ಮ, ಮೆಲ್ಲಗೆ, ಇಷ್ಟು ದಿವಸ ಇದನ್ನ ಯಾ ಡಾಕ್ಟರಿಗೂ ತೋರ್ಸಿರ್ಲಿಲ್ಲೇನು? ತೋರಿಸಿದ್ದೆ, ಅನ್ನಲು ಬಾಯಿ ತೆರೆದಳು, ನಮ್ಮವರೇ ಡಾಕ್ಟರಿಗೆ ಅಂತ, ಕಣ್ಣೆದುರು ಒಂದು ತಟ್ಟೆ, ತಟ್ಟೆಯ ಮೇಲೆ ನೇತಾಡುವ ಕೈ, ಆ ಕೈಯ ಬೆರಳು, ಬೆರಳ ಮೇಲೆ ಒಣಗಿ ಗಟ್ಟಿಯಾದ ಒಂದು ಅಗುಳು, ಒಂದು ಅಗುಳು