ಚಟ್ಟಕ್ಕೆ ಎರಡು ಹಸಿ ಗರಿ

ಕೆಂಚಯ್ಯ ದೋಟಿಯನ್ನು ಇನ್ನೊಂದು ಮೊಳ ಮೇಲಕ್ಕೆ ನೂಕಿದ. ತುದಿಗೆ ಕಟ್ಟಿದ್ದ ಕುಡುಗೋಲು ಗಾಳಿಯಲ್ಲಿ ತೂಗಿತೇ ಹೊರತು ತೆಂಗಿನ ಗರಿಗೆ ಎಟುಕಲಿಲ್ಲ. ತೋಳು ಸೋತು ಬಿದಿರು ವಾಲಿತು. ಮಗ ಸಂತು ಓಡಿಬಂದು ಹಿಡಿದುಕೊಂಡ.

ಮನೆ ಮುಂದೆ ಚಾಪೆಯ ಮೇಲೆ ಹೆಂಡತಿ ಲಕ್ಕಮ್ಮ ಮಲಗಿದ್ದಳು. ಹಿಂದಿನ ದಿನ ಕಾಯಿ ರಾಶಿಯ ಪಕ್ಕ ನೀರು ಕುಡಿಯಲು ಕೂತವಳು ಎದೆ ಹಿಡಿದುಕೊಂಡು ಅಲ್ಲೇ ಒರಗಿ ಜೀವ ಬಿಟ್ಟಿದ್ದಳು. ಹುಬ್ಬಳ್ಳಿಯ ಬೇಕರಿಯಲ್ಲಿ ಕೆಲಸಕ್ಕಿದ್ದ ಗಂಡ, ಮಗ ಬೆಳಗಿನ ರೈಲಿಗೆ ಬಾಣಾವರದಲ್ಲಿ ಇಳಿದು ಬಂದಿದ್ದರು. ಬಿದಿರು ಸಿಕ್ಕಿತ್ತು, ಹಗ್ಗ ಸಿಕ್ಕಿತ್ತು. ಚಟ್ಟದ ಮೇಲೆ ಹಾಸಲು ಎರಡು ಹಸಿ ಗರಿ ಮಾತ್ರ ಬೇಕಿತ್ತು. ಮರ ಹತ್ತುವ ಗಂಡಸರೆಲ್ಲ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಉಳಿದ ಮುದುಕರು ಕತ್ತೆತ್ತಿ ನೋಡಿ, ಬಾಣಾವರದಿಂದಲೇ ತರಿಸುವುದು ಒಳ್ಳೆಯದೆಂದರು. ತಾನೇ ಬೆಳೆಸಿದ ತೋಟದೊಳಗೆ ಮಲಗಿರುವವಳಿಗೆ ಪೇಟೆಯ ಗರಿ! ಕೆಂಚಯ್ಯ ಅದಕ್ಕೊಪ್ಪದೆ ದೋಟಿ ಹಿಡಿದಿದ್ದ.

*

ಅವಳು ಮರ ಹತ್ತುವುದನ್ನು ಅವನು ನೋಡಿದ್ದು ಒಂದೇ ಸಲ.

ಅರಸೀಕೆರೆಯಲ್ಲಿ ಮರ ಹತ್ತುವ ತರಬೇತಿಗೆ ಹೋಗಿದ್ದೆ ಎಂದು ಲಕ್ಕಮ್ಮ ಫೋನಿನಲ್ಲಿ ಹೇಳಿದಾಗ ಅವನು ರೇಗಿದ್ದ. ಬಿದ್ದರೆ ಯಾರು ಗತಿ ಎಂದಿದ್ದ. ಅವಳು ದನಿ ಏರಿಸಲಿಲ್ಲ. "ಕಾಯಿ ಉದುರಿ ಕೊಳೀತಾ ಐತೆ ಕಣ್ರೀ. ಕೀಳೋರು ಒಬ್ರೂ ಇಲ್ಲ. ನೀವು ಬಂದು ಹತ್ತೀರಾ?" ಎಂದು ಕೇಳಿದ್ದಳು.

ಆ ದೀಪಾವಳಿಗೆ ಬಂದಾಗ ಅವನ ಕಣ್ಣೆದುರೇ ಹೊರಟಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ಅವನದೇ ಹಳೆಯ ಅಂಗಿ ತೊಟ್ಟು, ತಂತಿ ಬಿಗಿದ ಎರಡು ಕಬ್ಬಿಣದ ಮೆಟ್ಟಿಲುಗಳನ್ನು ಮರಕ್ಕೆ ಸುತ್ತಿದಳು. ಒಂದರ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಮೇಲಕ್ಕೆ ಎಳೆದುಕೊಳ್ಳುತ್ತ, ಕಟಕ್ ಕಟಕ್ ಎಂದು ಏರಿಯೇ ಬಿಟ್ಟಳು. ಮದುವೆಯಾಗಿ ಬಂದಾಗ ಬಾವಿಯೊಳಕ್ಕೆ ಬಗ್ಗಿ ನೋಡಲು ಹೆದರುತ್ತಿದ್ದ ಹುಡುಗಿ! ಕೆಂಚಯ್ಯ ತನಗರಿವಿಲ್ಲದೆ ಬುಡದಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟಿದ್ದ.

"ಪಕ್ಕಕ್ಕೋಗ್ರೀ," ಎಂದಳು ಮೇಲಿನಿಂದ. "ಕಾಯಿ ತಲೆ ಮೇಲೆ ಬಿದ್ದಾತು."

*

ಒಳಗಿನಿಂದ ಸೊಸೆ ಶರ್ಮಿಳಾ ಬಂದಳು. ಅತ್ತುಅತ್ತು ಮುಖ ಊದಿತ್ತು. ಹೆಗಲ ಮೇಲೆ ಅತ್ತೆಯ ಕಬ್ಬಿಣದ ಮೆಟ್ಟಿಲುಗಳಿದ್ದವು.

ಕೇರಿಗೆ ಹಿರಿಯಳಾದ ಹುಚ್ಚಮ್ಮಜ್ಜಿ ತಡೆದಳು. ಹೆಣ ಇನ್ನೂ ಅಂಗಳದಲ್ಲಿರುವಾಗ ಮನೆಯ ಸೊಸೆ ಮರ ಹತ್ತುವುದನ್ನು ತಾನು ಕಂಡಿಲ್ಲ, ಕೇಳಿಲ್ಲ ಎಂದಳು. ಸಂತು ಹೆಂಡತಿಯ ತೋಳು ಹಿಡಿದ.

"ಬ್ಯಾಡ ಕಣೇ. ಕೈ ನಡುಗ್ತಾ ಐತೆ ನಿಂಗೆ."

"ಕೆಳಗಿದ್ರೆ ನಡುಗ್ತೈತೆ," ಎಂದಳು ಶರ್ಮಿಳಾ. "ಮೇಲೆ ನಡುಗಲ್ಲ."

ಎಲ್ಲರೂ ಕೆಂಚಯ್ಯನ ಕಡೆ ತಿರುಗಿದರು. ಅವನು ಹೆಂಡತಿಯ ಮುಖ ನೋಡಿದ. ಚಾಪೆಯಾಚೆ ಚಾಚಿದ್ದ ಅವಳ ಪಾದ ನೋಡಿದ. ಕಬ್ಬಿಣ ಒತ್ತಿ ಒತ್ತಿ ಅಂಗಾಲು ಅಡ್ಡಕ್ಕೆ ಜಡ್ಡುಗಟ್ಟಿತ್ತು. ಅಷ್ಟು ವರ್ಷ ಬಾಳಿದವನು ಆ ಜಡ್ಡನ್ನು ಕಂಡದ್ದು ಆಗಲೇ.

"ಹತ್ತವ್ವಾ," ಎಂದ.

ಶರ್ಮಿಳಾ ಅರ್ಧ ಮರ ಏರಿರಲಿಲ್ಲ, ಹಳೇಬೀಡಿನ ಕಡೆಯಿಂದ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆಯೇ ಇನ್ನೊಂದು. ಗೆಂಡೆಹಳ್ಳಿಯವರು, ಬಸ್ತಿಹಳ್ಳಿಯವರು, ಕೆಂಚಯ್ಯ ಮುಖವನ್ನೇ ಕಾಣದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಕಾಯಿ ಕೀಳಲು ಹೊರಟಿದ್ದವರು ಸುದ್ದಿ ತಿಳಿದು ದಾರಿಯಿಂದಲೇ ತಿರುಗಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ. ಹೆಗಲ ಮೇಲೆ ಕಬ್ಬಿಣದ ಮೆಟ್ಟಿಲು. ಲಕ್ಕಮ್ಮನ ಕಾಲಿಗೆ ಹಣೆ ಹಚ್ಚಿ ಅವರು ಎದ್ದು ನಿಂತಾಗ ಅಂಗಳದಲ್ಲಿ ಜಾಗವೇ ಉಳಿದಿರಲಿಲ್ಲ.

ಅವರಲ್ಲಿ ದೊಡ್ಡವಳೊಬ್ಬಳು ಮುಂದೆ ಬಂದಳು. "ನಮ್ಮೂರಲ್ಲೂ ಗಂಡಸರು ದುಡಿಯಾಕೆ ಹೋಗವ್ರೆ, ಅಣ್ಣಾ. ಮರ ನೋಡ್ಕೊಂಡು ಅಳ್ತಾ ಕೂತಿದ್ವಿ. ಅಕ್ಕ ಬಂದು ನನ್ನ ಹಿಮ್ಮಡಿ ಹಿಡ್ಕೊಂಡು ಮೊದಲನೇ ಹೆಜ್ಜೆ ಇಡಿಸಿದ್ಲು. ಇವರಿಗೆಲ್ಲ ಹಂಗೇ. ಒಂದೊಂದು ಗರಿ ನಾವೂ ಹಾಕ್ತೀವಿ."

ಕೆಂಚಯ್ಯ ಕೈ ಮುಗಿದ.

ಅವರು ತೋಟದೊಳಗೆ ಚದುರಿ ಒಬ್ಬೊಬ್ಬರು ಒಂದೊಂದು ಮರ ಹಿಡಿದರು. ಮೊದಲು ಹತ್ತಿರದ ಮರದಿಂದ, ಆಮೇಲೆ ದೂರದ ಬದುವಿನಿಂದ, ಕಡೆಗೆ ತೋಟವೆಲ್ಲ ಕಟಕ್ ಕಟಕ್ ಸದ್ದು ಏಳತೊಡಗಿತು. ಮುದುಕರು ಎದ್ದು ನಿಂತರು. ಹುಚ್ಚಮ್ಮಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಮರಮರದ ನೆತ್ತಿಯಲ್ಲೂ ಒಬ್ಬೊಬ್ಬ ಹೆಂಗಸು, ಆಕಾಶಕ್ಕೆ ಬೆನ್ನು ಕೊಟ್ಟು, ಕುಡುಗೋಲು ಎತ್ತಿದ್ದಳು.

ಮೊದಲ ಗರಿ ಶರ್ಮಿಳಾಳ ಮರದಿಂದ ಇಳಿಯಿತು. ಬೆನ್ನಿಗೇ ಇನ್ನೊಂದು ಮರದಿಂದ, ಮತ್ತೊಂದರಿಂದ. ಉದ್ದುದ್ದದ ಹಸಿ ಗರಿಗಳು ಬಿಸಿಲಲ್ಲಿ ಹೊಳೆಯುತ್ತ, ಸುಯ್ ಎಂದು ಸುತ್ತಲೂ ಬೀಳುತ್ತಲೇ ಇದ್ದವು. ಯಾವ ಮರದ ಕಡೆ ನೋಡಬೇಕೋ ತಿಳಿಯದೆ ಕೆಂಚಯ್ಯ ಕತ್ತೆತ್ತಿಕೊಂಡು ನಿಂತಲ್ಲೇ ಸುತ್ತುತ್ತಿದ್ದ.